ಮೂರು ಮಡಿಯಿಂದ ಶುರು ಮಾಡಿ: ಬೆಂಗಳೂರಿನ ಪ್ರಾಥಮಿಕ ಶಾಲೆಗೊಂದು ಸಾವಯವ ಕೈತೋಟ

ಶಾಲೆಯ ಕೈತೋಟಕ್ಕೆ ಹುಳುಗಳಿಗಿಂತ ದೊಡ್ಡ ಶತ್ರು ರಜೆ. ಜೂನ್ 5ರ ಪರಿಸರ ದಿನಕ್ಕೆ ಸಡಗರದಿಂದ ನೆಟ್ಟ ಟೊಮ್ಯಾಟೊ ಗಿಡ ಕಾಯಿ ಬಿಡುವ ಹೊತ್ತಿಗೆ ಮಳೆಗೆ ಸಿಕ್ಕಿ ಎಲೆ ಕರಗಿರುತ್ತದೆ. ಸೆಪ್ಟೆಂಬರ್ ಮಧ್ಯದಲ್ಲಿ ಬಿತ್ತಿದ ಸೊಪ್ಪು, ಮಕ್ಕಳು ದಸರಾ ರಜೆ ಮುಗಿಸಿ ಬರುವಷ್ಟರಲ್ಲಿ ಬಲಿತು ಹೂ ಬಿಟ್ಟಿರುತ್ತದೆ. ಫೆಬ್ರವರಿಯಲ್ಲಿ ನೆಟ್ಟದ್ದು ಏಪ್ರಿಲ್ ಬಿಸಿಲಿನಲ್ಲಿ ನೀರು ಹಾಕುವವರಿಲ್ಲದೆ ಒಣಗುತ್ತದೆ. ಆದ್ದರಿಂದ ಬೀಜದ ಪೊಟ್ಟಣದ ಮೇಲಿನ ದಿನಗಳ ಲೆಕ್ಕವನ್ನೂ ಶಾಲೆಯ ಕ್ಯಾಲೆಂಡರನ್ನೂ ಪಕ್ಕಪಕ್ಕ ಇಟ್ಟುಕೊಂಡು ತಾಳೆ ನೋಡುವುದೇ ಮೊದಲ ಕೆಲಸ. ಗುದ್ದಲಿ ಹಿಡಿಯುವುದು ಆಮೇಲೆ.

ಎರಡನೆಯದು ಅಳತೆ. ಎಂಟು ಅಡಿ ಉದ್ದ, ಮೂರು ಅಡಿ ಅಗಲದ ಮೂರು ಮಡಿ, ಅಂದರೆ ಗಿಡ ಬೆಳೆಸುವ ಮಣ್ಣಿನ ಪಟ್ಟೆ, ಮೊದಲ ವರ್ಷಕ್ಕೆ ಸಾಕು. ಉತ್ಸಾಹದಲ್ಲಿ ಹತ್ತು ಮಡಿ ಮಾಡಿದರೆ ಜುಲೈ ಮಳೆಗೆ ಕಳೆ ಎದ್ದು, ಆಗಸ್ಟಿನಲ್ಲಿ ಏಳು ಮಡಿ ಕೈಬಿಟ್ಟು ಹೋಗಿರುತ್ತವೆ. ದೊಡ್ಡವರ ತೋಟದಲ್ಲಿ ಮಡಿ ನಾಲ್ಕಡಿ ಅಗಲ ಇರುವುದುಂಟು. ಆದರೆ ಎರಡನೇ ಕ್ಲಾಸಿನ ಮಗು ಕೂತು ಕೈ ಚಾಚಿದರೆ ಒಂದೂವರೆ ಅಡಿಗಿಂತ ಹೆಚ್ಚು ಎಟುಕುವುದಿಲ್ಲ. ಮೂರಡಿ ಇದ್ದರೆ ಎರಡೂ ಕಡೆಯಿಂದ ನಡುಮಧ್ಯದವರೆಗೆ ಕೈ ಹೋಗುತ್ತದೆ, ಮಡಿಯ ಮೇಲೆ ಕಾಲಿಡುವ ಪ್ರಸಂಗವೇ ಬರುವುದಿಲ್ಲ. ತುಳಿದ ಮಣ್ಣು ಗಟ್ಟಿಯಾಗುತ್ತದೆ, ಬೇರು ಇಳಿಯುವುದಿಲ್ಲ, ನೀರೂ ಇಂಗುವುದಿಲ್ಲ. ಮಡಿಗಳ ನಡುವೆ ಎರಡಡಿ ದಾರಿ ಬಿಡಿ. ಇಬ್ಬರು ಮಕ್ಕಳು ಬೆನ್ನಿಗೆ ಬೆನ್ನು ಕೊಟ್ಟು ಕೂರುವಷ್ಟು ಜಾಗ ಅದು. ದಾರಿಗೆ ತೆಂಗಿನ ಸಿಪ್ಪೆ ಅಥವಾ ತರಗೆಲೆ ಹಾಸಿದರೆ ಮಳೆಗಾಲದಲ್ಲಿ ಕೆಸರಾಗುವುದಿಲ್ಲ.

ಬಿಸಿಲು ಎಲ್ಲಿ ಬೀಳುತ್ತದೆ

ಸೊಪ್ಪಿಗೆ ದಿನಕ್ಕೆ ಮೂರು ನಾಲ್ಕು ಗಂಟೆ ನೇರ ಬಿಸಿಲು ಸಾಕು. ಬೆಂಡೆ, ಬೀನ್ಸ್, ಅವರೆ, ಬದನೆಯಂಥ ಕಾಯಿ ಬಿಡುವ ಗಿಡಗಳಿಗೆ ಐದಾರು ಗಂಟೆ ಬೇಕೇ ಬೇಕು. ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 3 ಗಂಟೆಗೆ ಮಕ್ಕಳಿಂದಲೇ ಕಟ್ಟಡದ ಮತ್ತು ಮರಗಳ ನೆರಳಿನ ಅಂಚಿಗೆ ಸುಣ್ಣದ ಗೆರೆ ಎಳೆಸಿ. ಮೂರೂ ಹೊತ್ತು ನೆರಳು ಬೀಳದ ಜಾಗ ಕಣ್ಣಿಗೆ ಕಾಣುತ್ತದೆ.

ಇದರಲ್ಲೊಂದು ಸೂಕ್ಷ್ಮವಿದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ನಡುಹಗಲಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ಅವನು ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ, ಆಗಸ್ಟಿನಿಂದಾಚೆ ಮಾರ್ಚ್‌ವರೆಗೂ ದಕ್ಷಿಣಕ್ಕೆ. ಜೂನಿನಲ್ಲಿ ಕಟ್ಟಡದ ಉತ್ತರದ ಗೋಡೆ ಪಕ್ಕ ಬಿಸಿಲು ಚೆನ್ನಾಗಿದೆ ಎಂದು ಮಡಿ ಮಾಡಿದರೆ ಡಿಸೆಂಬರಿನಲ್ಲಿ ಆ ಜಾಗ ಪೂರ್ತಿ ನೆರಳು. ಶಾಲೆಯ ಮುಖ್ಯ ಬೆಳೆಯೆಲ್ಲ ಆಗಸ್ಟಿನಿಂದ ಮಾರ್ಚ್‌ವರೆಗೆ ಇರುವುದರಿಂದ ದಕ್ಷಿಣ ಅಥವಾ ಪೂರ್ವಕ್ಕೆ ತೆರೆದ ಜಾಗವೇ ಸರಿ. ಎತ್ತರಕ್ಕೆ ಹಬ್ಬುವ ಅವರೆ, ಹೀರೆ ಚಪ್ಪರಗಳು ಮಡಿಯ ಉತ್ತರದ ಅಂಚಿನಲ್ಲಿರಲಿ, ಆಗ ಅವುಗಳ ನೆರಳು ಸೊಪ್ಪಿನ ಮೇಲೆ ಬೀಳುವುದಿಲ್ಲ. ಆಗಸ್ಟ್ 18ಕ್ಕೆ ಶಾಲೆ ನಡೆಯುತ್ತಿದ್ದರೆ ಕೋಲು ನೆಟ್ಟು ತೋರಿಸಿ. ಅಂದು ಮೋಡ ಕವಿದರೂ ಹಿಂದುಮುಂದಿನ ಒಂದೆರಡು ದಿನ ನೆರಳು ಗುರುತಿಸಲಾಗದಷ್ಟು ಚಿಕ್ಕದಾಗಿಯೇ ಇರುತ್ತದೆ.

ನಲ್ಲಿಯಿಂದ ಮಡಿಗೆ ಮಕ್ಕಳ ನಡಿಗೆಯಲ್ಲಿ ಮೂವತ್ತು ನಲವತ್ತು ಹೆಜ್ಜೆಗಿಂತ ದೂರವಿದ್ದರೆ ಸೆಪ್ಟೆಂಬರ್ ಹೊತ್ತಿಗೆ ನೀರು ಹಾಕುವ ಹುರುಪು ಕರಗುತ್ತದೆ. ಶೌಚಾಲಯದ ಗುಂಡಿಯ ಪಕ್ಕ, ಬಣ್ಣ ಚಕ್ಕೆ ಉದುರುವ ಹಳೆಯ ಗೋಡೆಯ ಬುಡ, ವಾಹನ ನಿಲ್ಲಿಸುವ ಜಾಗ, ಈ ಮೂರೂ ತಿನ್ನುವ ಬೆಳೆಗೆ ಬೇಡ. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅದು ಮಣ್ಣಿಗೆ ಸೇರಿದರೆ ಹೋಗುವುದಿಲ್ಲ, ಸೊಪ್ಪಿನ ಮೂಲಕ ಮಕ್ಕಳ ಹೊಟ್ಟೆಗೂ ಹೋಗಬಹುದು.

ಮಣ್ಣು

ಬೆಂಗಳೂರಿನ ಶಾಲಾ ಆವರಣದಲ್ಲಿ ಹಾರೆ ಹಾಕಿದರೆ ನಾಲ್ಕು ಇಂಚಿಗೇ ಜಲ್ಲಿ, ಸಿಮೆಂಟ್ ಚೂರು, ಟೈಲ್ಸ್ ಸಿಗುವುದು ಮಾಮೂಲು. ಒಂದಡಿ ಆಳದವರೆಗೆ ಸಲೀಸಾಗಿ ಕೆಂಪು ಮಣ್ಣು ಬಂದರೆ ನೆಲದಲ್ಲೇ ಮಡಿ ಮಾಡಿ: ಮುಕ್ಕಾಲು ಅಡಿ ಅಗೆದು, ಕಲ್ಲು ಆರಿಸಿ, ಒಂದು ಮಡಿಗೆ ಗಾರೆ ಹೊರುವ ಬಾಣಲಿಯಲ್ಲಿ ನಾಲ್ಕು ಬಾಣಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಕಾಲು ಕೆಜಿ ಬೇವಿನ ಹಿಂಡಿ ಬೆರೆಸಿ. ಕಟ್ಟಡದ ಕಸ ಸಿಕ್ಕರೆ ಅಗೆಯುವ ಗೋಜಿಗೇ ಹೋಗಬೇಡಿ, ಮೇಲೆ ಕಟ್ಟಿ. 16 ಇಂಚು ಉದ್ದ, 8 ಇಂಚು ಎತ್ತರದ ಸಿಮೆಂಟ್ ಬ್ಲಾಕ್‌ಗಳನ್ನು ಗಾರೆಯಿಲ್ಲದೆ ಸುಮ್ಮನೆ ಜೋಡಿಸಿದರೆ ಒಂದು ಮಡಿಗೆ ಸುಮಾರು 18 ಬೇಕಾಗುತ್ತವೆ. ಹಳೆಯ ಟೈರುಗಳಲ್ಲಿ ಗಿಡ ಬೆಳೆಸುವುದು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಅದರ ಒಳಮಡಿಕೆಯಲ್ಲಿ ನಿಂತ ನೀರು ಡೆಂಗಿ ಸೊಳ್ಳೆಗೆ ತೊಟ್ಟಿಲು. ಶಾಲೆಯಲ್ಲಿ ಬೇಡವೇ ಬೇಡ.

ಎಂಟು ಇಂಚು ಎತ್ತರದ ಒಂದು ಮಡಿ ತುಂಬಲು 16 ಘನ ಅಡಿ ಬೇಕು, ಅಂದರೆ ಅದೇ ಬಾಣಲಿಯಲ್ಲಿ ಸುಮಾರು 38. ತಳಕ್ಕೆ ಎಂಟು ಬಾಣಲಿ ಒದ್ದೆ ತರಗೆಲೆ, ಅದರ ಮೇಲೆ ಇಪ್ಪತ್ತು ಬಾಣಲಿ ಕೆಂಪು ಮಣ್ಣು ಮತ್ತು ಹತ್ತು ಬಾಣಲಿ ಗೊಬ್ಬರವನ್ನು ಬೆರೆಸಿ ಹಾಕಿ. ಮೊದಲ ಮಳೆಗಾಲದಲ್ಲಿ ಎಲೆ ಕಳಿತು ಮಡಿ ಎರಡು ಇಂಚು ಕುಸಿಯುತ್ತದೆ, ಆಗ ಮೇಲಿಂದ ಗೊಬ್ಬರ ತುಂಬಬೇಕು. ಮೂರು ಮಡಿಗೂ ಸೇರಿ ಮಣ್ಣು ಬೇಕಾಗುವುದು 25 ಘನ ಅಡಿ. ಒಂದು ಟ್ರ್ಯಾಕ್ಟರ್ ಲೋಡ್ ಎಂದರೆ 100 ಘನ ಅಡಿಯ ಹತ್ತಿರ, ಹಾಗಾಗಿ ಪೂರ್ತಿ ಲೋಡ್ ತರಿಸಿ ಮಕ್ಕಳು ಆಡುವ ಜಾಗದಲ್ಲಿ ಗುಡ್ಡೆ ಹಾಕಿಸಿಕೊಳ್ಳಬೇಡಿ.

ತರಿಸುವ ಮಣ್ಣಿನ ಬಗ್ಗೆ ಎಚ್ಚರ ಬೇಕು. ಊರಲ್ಲಿ 'ಕೆಂಪು ಮಣ್ಣು' ಎಂದು ಮಾರುವುದರಲ್ಲಿ ಬಹುಪಾಲು ಕಟ್ಟಡದ ಪಾಯ ತೆಗೆದಾಗ ಬಂದ ಆಳದ ಮಣ್ಣು. ಬಣ್ಣ ಚೆಂದ, ಜೀವ ಇಲ್ಲ. ದುಡ್ಡು ಕೊಡುವ ಮೊದಲು ಎರಡು ಬೊಗಸೆ ತಂದು ನಾಲ್ಕು ತೆಂಗಿನ ಚಿಪ್ಪಿಗೆ ತುಂಬಿ, ಅಡುಗೆಮನೆಯ ಮೆಂತ್ಯ ಹಾಕಿ ನೀರು ಕೊಡಿ. ಮೂರ್ನಾಲ್ಕು ದಿನಕ್ಕೆ ಮೊಳೆಯಬೇಕು, ಹತ್ತನೇ ದಿನಕ್ಕೆ ಎಲೆ ಹಸಿರಾಗಿ ಅಗಲವಾಗಿರಬೇಕು. ಹಳದಿಗೆ ತಿರುಗಿ ಅಲ್ಲೇ ನಿಂತರೆ ಗೊಬ್ಬರದ ಪಾಲು ಹೆಚ್ಚಿಸಬೇಕು. ಮೊಳೆಯದೇ ಹೋದರೆ ಆ ಮಣ್ಣು ಬೇಡ.

ನಮ್ಮ ಕೆಂಪು ಮಣ್ಣಿಗೆ ಇನ್ನೊಂದು ಗುಣವಿದೆ. ಜೋರು ಮಳೆ ಹೊಡೆದು ಬಿಸಿಲು ಬಿದ್ದರೆ ಮೇಲ್ಪದರ ಹೆಪ್ಪುಗಟ್ಟುತ್ತದೆ. ದಂಟು, ಪಾಲಕ್, ಸಬ್ಬಸಿಗೆಯ ಎಳೆ ಮೊಳಕೆ ಆ ಹೆಪ್ಪನ್ನು ಒಡೆದು ಬರಲಾರದೆ ಒಳಗೇ ಮುರುಟುತ್ತದೆ. 'ಬೀಜ ಸರಿ ಇರಲಿಲ್ಲ' ಎನ್ನುವ ದೂರುಗಳಲ್ಲಿ ಎಷ್ಟೋ ಇದರದ್ದೇ. ಬೀಜದ ಮೇಲೆ ಮಣ್ಣು ಮುಚ್ಚುವ ಬದಲು ಜರಡಿ ಹಿಡಿದ ಎರೆಗೊಬ್ಬರ ಉದುರಿಸಿದರೆ ಈ ತೊಂದರೆ ಇರುವುದಿಲ್ಲ.

ತರಗೆಲೆ ಗೊಬ್ಬರ

ಜನವರಿಯಿಂದ ಮಾರ್ಚ್‌ವರೆಗೆ ಬೆಂಗಳೂರಿನ ರಸ್ತೆಗಳಲ್ಲಿ ಎಲೆಯೇ ಎಲೆ. ಹೊಂಗೆ, ಮಳೆಮರ, ಗುಲ್‌ಮೊಹರ್ ಎಲ್ಲವೂ ಒಳ್ಳೆಯವೇ. ನೀಲಗಿರಿ ಎಲೆ ಮಾತ್ರ ಬೇಡ, ಅದರ ಎಣ್ಣೆ ಮೊಳಕೆಯನ್ನು ತಡೆಯುತ್ತದೆ. ಮಾವು, ಹಲಸಿನ ಎಲೆ ಕಳಿಯಲು ನಿಧಾನ. ಗೋಣಿಚೀಲಕ್ಕೆ ತುಂಬಿ ಮಕ್ಕಳ ಕೈಲಿ ತುಳಿಸಿದರೆ ಪುಡಿಯಾಗುತ್ತವೆ, ಮಕ್ಕಳಿಗೂ ಅದಕ್ಕಿಂತ ಖುಷಿಯ ಕೆಲಸ ಇನ್ನೊಂದಿಲ್ಲ.

ಹತ್ತು ಅಡಿ ಉದ್ದ, ನಾಲ್ಕು ಅಡಿ ಎತ್ತರದ ಕೋಳಿ ಜಾಲರಿಯನ್ನು ಸುತ್ತಿ ತಂತಿ ಕಟ್ಟಿದರೆ ಮೂರಡಿ ಅಗಲದ ಗೂಡಾಗುತ್ತದೆ. ಜಾಲರಿಯ ಚೂಪು ತುದಿಗಳನ್ನು ಒಳಕ್ಕೆ ಮಡಚಿ. ಒಂದಡಿ ಎಲೆ, ಅದರ ಮೇಲೆ ಮೂರ್ನಾಲ್ಕು ಇಂಚು ತರಕಾರಿ ಸಿಪ್ಪೆ ಅಥವಾ ಹಸಿ ಕಳೆ, ಒಂದು ಚೊಂಬು ಸಗಣಿ ನೀರು ಅಥವಾ ಹುಳಿ ಮಜ್ಜಿಗೆ, ಮತ್ತೆ ಎಲೆ. ಎಲೆಯ ಪಾಲು ಯಾವಾಗಲೂ ಹಸಿಯ ಮೂರು ಪಟ್ಟು ಇರಲಿ. ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಕೊಳೆತ ವಾಸನೆ ಬಂದರೆ ಹಸಿ ಹೆಚ್ಚಾಗಿದೆ, ಎಲೆ ಸೇರಿಸಿ ಕೆದಕಿ. ಎರಡು ತಿಂಗಳಾದರೂ ಎಲೆ ಎಲೆಯಾಗಿಯೇ ಇದ್ದರೆ ಒಣಗಿದೆ, ನೀರು ಹಾಕಿ. ಹದ ಸರಿಯಿದ್ದರೆ ಮೂರು ನಾಲ್ಕು ತಿಂಗಳಿಗೆ ಗೊಬ್ಬರ. ಫೆಬ್ರವರಿಯಲ್ಲಿ ತುಂಬಿದ್ದು ಜೂನಿಗೆ ಸಿಗುತ್ತದೆ. ಅನ್ನ ಸಾಂಬಾರ್ ಉಳಿದದ್ದನ್ನು ಇದಕ್ಕೆ ಹಾಕಬೇಡಿ, ಹೆಗ್ಗಣ ಬರುತ್ತವೆ. ಬಿಸಿಯೂಟ ಹೊರಗಿನ ಅಡುಗೆಮನೆಯಿಂದ ಬರುವ ಶಾಲೆಗಳಲ್ಲಿ ಸಿಪ್ಪೆಯೇ ಇರುವುದಿಲ್ಲ. ಅಂಥಲ್ಲಿ ಬೀದಿಯ ತರಕಾರಿ ಗಾಡಿಯವರನ್ನು ಕೇಳಿದರೆ ಹೂಕೋಸಿನ ಎಲೆ, ಮೂಲಂಗಿ ಸೊಪ್ಪು ಧಾರಾಳವಾಗಿ ಕೊಡುತ್ತಾರೆ.

ಜೀವಾಮೃತ ಎಂಬ ಹುಳಿಸಿದ ದ್ರವ ಗೊಬ್ಬರ ಮಾಡುವುದಾದರೆ ಹತ್ತು ಲೀಟರ್ ನೀರಿಗೆ ಅರ್ಧ ಕೆಜಿ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆಹಿಟ್ಟು, ಒಂದು ಹಿಡಿ ಮರದ ಬುಡದ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ತಿರುವಿ, ಮೂರನೇ ದಿನದಿಂದ ಬಳಸಿ, ವಾರದೊಳಗೆ ಮುಗಿಸಿ. ಬೆರೆಸುವ ಕೆಲಸ ದೊಡ್ಡವರದು. ಹಸಿ ಸಗಣಿಯಾಗಲಿ ಜೀವಾಮೃತವಾಗಲಿ, ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ನವಿಲುಕೋಸಿನ ಮಡಿಗೆ ಹಾಕಲೇಬಾರದು. ಸಗಣಿಯ ರೋಗಾಣು ಮಕ್ಕಳ ಹೊಟ್ಟೆ ಕೆಡಿಸುತ್ತದೆ. ಹಸಿ ಸಗಣಿ ಬಿದ್ದ ಮಡಿಯಿಂದ ಇಂಥದ್ದನ್ನು ಕಿತ್ತು ತಿನ್ನಲು ನಾಲ್ಕು ತಿಂಗಳು ಕಾಯಬೇಕು. ಪೂರ್ತಿ ಕಳಿತು, ಮಣ್ಣಿನ ವಾಸನೆ ಬರುವ ಗೊಬ್ಬರಕ್ಕೆ ಈ ಭಯ ಕಡಿಮೆ.

ಯಾವ ಮಡಿಗೆ ಯಾವಾಗ ಏನು

ಮಕ್ಕಳ ತಾಳ್ಮೆಗೂ ಒಂದು ಲೆಕ್ಕವಿದೆ. ಬಿತ್ತಿದ್ದು ವಾರದೊಳಗೆ ಕಣ್ಣಿಗೆ ಕಾಣಬೇಕು, ತಿಂಗಳೊಳಗೆ ತಟ್ಟೆಗೆ ಬರಬೇಕು. ಅದಕ್ಕೇ ಮೊದಲ ಬೆಳೆ ಮೆಂತ್ಯ. ಮೂರನೇ ದಿನ ಬೆಳಿಗ್ಗೆ ನೆಲ ಅಲ್ಲಲ್ಲಿ ಬಿರಿದು, ಬಿಳಿ ಕತ್ತು ಬಗ್ಗಿಸಿಕೊಂಡ ಮೊಳಕೆ ಗೊಬ್ಬರದ ಚೂರನ್ನು ತಲೆಯ ಮೇಲೆ ಹೊತ್ತು ಏಳುತ್ತಿರುತ್ತದೆ. ಮಧ್ಯಾಹ್ನದೊಳಗೆ ಕತ್ತು ನೆಟ್ಟಗಾಗಿ ಎರಡೆಲೆ ಬಿಡಿಸಿಕೊಂಡಿರುತ್ತದೆ. ಬೆಳಿಗ್ಗೆ ಒಮ್ಮೆ, ಊಟದ ಬೆಲ್ಲಿಗೆ ಒಮ್ಮೆ ಮಕ್ಕಳನ್ನು ಕೂರಿಸಿ ತೋರಿಸಿ, ಒಂದೇ ದಿನದಲ್ಲಿ ಆಗುವ ಬದಲಾವಣೆ ಅವರಿಗೆ ಗೊತ್ತಾಗುತ್ತದೆ. ಒಂದು ಮಡಿಗೆ 50 ಗ್ರಾಂ ಅಡುಗೆ ಮೆಂತ್ಯ ರಾತ್ರಿ ನೆನೆಸಿ, ನಾಲ್ಕು ಬೆರಳು ಅಂತರದ ಸಾಲುಗಳಲ್ಲಿ ಬಿತ್ತಿ. 25ನೇ ದಿನದ ಹೊತ್ತಿಗೆ ಬೇರು ಸಮೇತ ಕೀಳಬಹುದು.

ಮೊದಲ ಮಡಿ ಹೀಗೆ ಸೊಪ್ಪಿಗೇ ಮೀಸಲು. ಮೆಂತ್ಯ ಕಿತ್ತ ಮೇಲೆ ಜುಲೈನಲ್ಲಿ ದಂಟು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿಯನ್ನು ಮತ್ತೆ ಮತ್ತೆ ಕೊಯ್ಯಬಹುದು. ದಂಟಿನ ಬೀಜ ಸಾಸಿವೆಗಿಂತ ಸಣ್ಣದು. ಒಂದು ಟೀ ಚಮಚ ಬೀಜಕ್ಕೆ ಹತ್ತು ಚಮಚ ಒಣ ಮರಳು ಬೆರೆಸಿ ಉದುರಿಸದಿದ್ದರೆ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಮಡಿಯ ಸುತ್ತ ಒಂದು ಹಿಡಿ ರವೆ ಉದುರಿಸಿ. ಇರುವೆಗಳು ಬೀಜ ಬಿಟ್ಟು ರವೆ ಹೊತ್ತುಕೊಂಡು ಹೋಗುತ್ತವೆ. ಕೊತ್ತಂಬರಿಯನ್ನು ಚಪ್ಪಲಿಯಿಂದ ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿ ಬಿತ್ತಬೇಕು. ಮೊಳೆಯಲು ಹತ್ತು ದಿನ ಬೇಕು ಎಂದು ಮಕ್ಕಳಿಗೆ ಮುಂಚೆಯೇ ಹೇಳಿಡಿ, ಇಲ್ಲವಾದರೆ ಐದನೇ ದಿನಕ್ಕೆ ಯಾರಾದರೂ ಕೆದಕಿ ನೋಡಿರುತ್ತಾರೆ.

ಎರಡನೇ ಮಡಿಗೆ ಜೂನ್ ಮೊದಲ ವಾರ ಬೆಂಡೆ. ಎರಡು ಸಾಲು, ಗಿಡದಿಂದ ಗಿಡಕ್ಕೆ ಒಂದಡಿ, ಒಟ್ಟು ಹದಿನಾರು ಗುಣಿ, ಗುಣಿಗೆ ಎರಡು ಬೀಜ. ಎರಡೂ ಹುಟ್ಟಿದರೆ ಸೊರಗಿದ್ದನ್ನು ಕೀಳಿ. 45ರಿಂದ 50 ದಿನಕ್ಕೆ ಮೊದಲ ಕಾಯಿ, ಅಲ್ಲಿಂದ ಸೆಪ್ಟೆಂಬರ್ ಕೊನೆಯವರೆಗೆ ದಿನ ಬಿಟ್ಟು ದಿನ ಕೊಯ್ಲು. ಶನಿವಾರ ಕೊಯ್ಯದೆ ಬಿಟ್ಟರೆ ಸೋಮವಾರಕ್ಕೆ ನಾರು. ಎಲೆಯ ನರಗಳೆಲ್ಲ ಹಳದಿ ಬಲೆಯಂತೆ ಕಂಡರೆ ಅದು ಬಿಳಿ ನೊಣ ಹರಡುವ ನಂಜುರೋಗ (ವೈರಸ್), ಔಷಧವಿಲ್ಲ, ಗಿಡವನ್ನೇ ಕಿತ್ತು ದೂರ ಹಾಕಬೇಕು. ಈ ರೋಗ ತಡೆಯಲೆಂದೇ ಅರ್ಕಾ ಅನಾಮಿಕ ತಳಿ ಬಂದದ್ದು, ಆದರೂ ಕಣ್ಣಿಟ್ಟಿರಿ. ದಸರಾ ಮುಗಿದ ಕೂಡಲೇ ಅದೇ ಮಡಿಗೆ ನವಿಲುಕೋಸು. ರಜೆಗೆ ಹೋಗುವ ಮುನ್ನ 98 ಗುಣಿಯ ಟ್ರೇಯಲ್ಲಿ ಬಿತ್ತಿ, ಶಾಲೆಯ ಹತ್ತಿರ ಮನೆಯಿರುವ ಯಾರಾದರೊಬ್ಬರ ಮನೆಯಲ್ಲಿ ಇರಿಸಿದರೆ ಬರುವ ಹೊತ್ತಿಗೆ ಸಸಿ ನೆಡಲು ಸಿದ್ಧ. ಮೂರು ಸಾಲಿನಲ್ಲಿ 24 ಸಸಿ ಕೂರುತ್ತವೆ, ನೆಟ್ಟ 50–55 ದಿನಕ್ಕೆ ಗೆಡ್ಡೆ. ನವಿಲುಕೋಸಿನ ಎಲೆ ತೂತು ಮಾಡುವ ಹಸಿರು ಮರಿಹುಳುವಿನ ಪತಂಗಕ್ಕೆ ಸಾಸಿವೆ ಇನ್ನೂ ಇಷ್ಟ. ಮಡಿಯ ಎರಡೂ ಅಂಚಿಗೆ ಹದಿನೈದು ದಿನ ಮೊದಲೇ ಸಾಸಿವೆ ಬಿತ್ತಿದರೆ ಮೊಟ್ಟೆಗಳು ಅಲ್ಲಿಗೆ ಹೋಗುತ್ತವೆ. ರಜೆಯಲ್ಲಿ ಈ ಕೆಲಸಕ್ಕೆ ಯಾರೂ ಸಿಗದಿದ್ದರೆ ಸಸಿ ನೆಡುವ ದಿನವೇ ಬಿತ್ತಿ. ಅಷ್ಟು ಚೆನ್ನಾಗಿ ಕೆಲಸ ಮಾಡದಿದ್ದರೂ ಉಪಯೋಗವಿದೆ.

ಮೂರನೇ ಮಡಿಗೆ ಜೂನಿನಲ್ಲಿ ಮೂಲಂಗಿ, ಆಮೇಲೆ ಅವರೆ. ಮೂಲಂಗಿಯಲ್ಲಿ ಎಲ್ಲ ಶಾಲೆಗಳೂ ಎಡವುವುದು ಒಂದೇ ಕಡೆ: ಬಿತ್ತಿದ 12ನೇ ದಿನ ನಾಲ್ಕು ಬೆರಳಿಗೊಂದು ಗಿಡ ಉಳಿಸಿ ಮಿಕ್ಕದ್ದನ್ನು ಕೀಳಬೇಕು, ಮಕ್ಕಳಿಗೆ ಮನಸ್ಸು ಬರುವುದಿಲ್ಲ. ಕೀಳದಿದ್ದರೆ ಸೊಪ್ಪು ಬರುತ್ತದೆ, ಗೆಡ್ಡೆ ಕೂರುವುದಿಲ್ಲ. ಒಂದು ಅಡಿಯಷ್ಟು ಸಾಲನ್ನು ಕೀಳದೆ ಹಾಗೇ ಬಿಟ್ಟು 45ನೇ ದಿನ ಎರಡನ್ನೂ ಕಿತ್ತು ಪಕ್ಕಪಕ್ಕ ಇಟ್ಟು ತೋರಿಸಿದರೆ ಮುಂದಿನ ವರ್ಷ ಅವರೇ ಕೀಳುತ್ತಾರೆ. ಕಿತ್ತ ಎಳೆ ಸೊಪ್ಪು ಪಲ್ಯಕ್ಕೆ ಚೆನ್ನ.

ಅವರೆಯ ಮಾತು ಬೇರೆ. ಬೆಂಗಳೂರಿನ ಸುತ್ತಲ ರಾಗಿ ಹೊಲಗಳಲ್ಲಿ ಅಕ್ಕಡಿ ಸಾಲಿಗೆ, ಅಂದರೆ ರಾಗಿಯ ನಡುನಡುವಿನ ಸಾಲಿಗೆ, ಹಾಕುವ ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುತ್ತದೆ. ಜುಲೈ ಕೊನೆ, ಆಗಸ್ಟ್ ಮೊದಲಲ್ಲಿ ಬಿತ್ತಿದರೆ ಡಿಸೆಂಬರ್–ಜನವರಿಗೆ ಸೊಗಡಿನ ಕಾಯಿ. ಫೆಬ್ರವರಿಯಲ್ಲಿ ಬಿತ್ತಿದರೆ ಬರೀ ಬಳ್ಳಿ. ಬೇರೆ ಕಾಲದಲ್ಲಿ ಬೇಕೆಂದರೆ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ–3 ಅಥವಾ 4 ಇವೆ, ಅವು ಗಿಡ್ಡ, ಹಗಲಿನ ಉದ್ದಕ್ಕೆ ಕಾಯುವುದಿಲ್ಲ. ಶಾಲೆಗೆ ನಾಟಿ ಅವರೆಯೇ ನಮ್ಮ ಆಯ್ಕೆ. ಬೇರು ಆಳಕ್ಕೆ ಇಳಿದಿರುವುದರಿಂದ ದಸರಾ ರಜೆಯನ್ನು ಅಕ್ಟೋಬರ್ ಮಳೆಯಲ್ಲೇ ದಾಟುತ್ತದೆ. ಒಂದೂವರೆ ಅಡಿಗೊಂದರಂತೆ ಉತ್ತರದ ಅಂಚಿನಲ್ಲಿ ಐದು ಬಳ್ಳಿ ಸಾಕು, ಮುಂದಿನ ಜಾಗದಲ್ಲಿ ಪಾಲಕ್ ಬೆಳೆಯಿರಿ. ಹೂ ಬಂದಾಗ ಒಂದು ಗಿಡವನ್ನು ಬೇರು ಹರಿಯದಂತೆ ಅಗೆದು ತೊಳೆಯಿರಿ. ಬೇರಿನಲ್ಲಿ ಸಾಸಿವೆಯಿಂದ ಮೆಣಸಿನ ಕಾಳಿನವರೆಗಿನ ಗಂಟುಗಳಿರುತ್ತವೆ. ಉಗುರಿನಲ್ಲಿ ಸೀಳಿದಾಗ ಒಳಗೆ ಗುಲಾಬಿ ಕೆಂಪಿದ್ದರೆ ಗಾಳಿಯ ಸಾರಜನಕವನ್ನು ಹಿಡಿಯುವ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿವೆ. ಬಿಳಿ ಅಥವಾ ಬೂದು ಇದ್ದರೆ ಇಲ್ಲ.

ಅಂಗಡಿಯಲ್ಲಿ ಗುಲಾಬಿ, ನೀಲಿ, ಹಸಿರು ಬಣ್ಣ ಲೇಪಿಸಿದ ಬೀಜ ಕೊಟ್ಟರೆ ವಾಪಸ್ ಕೊಡಿ. ಸಾಮಾನ್ಯವಾಗಿ ಅದಕ್ಕೆ ಶಿಲೀಂಧ್ರನಾಶಕ ಹಚ್ಚಿರುತ್ತಾರೆ, ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಪೊಟ್ಟಣದ ಹಿಂದೆ ವಿಷದ ಗುರುತು ಇದೆಯೇ ನೋಡಿ.

ಮಕ್ಕಳ ಕೈಯಲ್ಲಿ ಕೆಲಸ

ಮೂವತ್ತು ಮಕ್ಕಳನ್ನು ಒಟ್ಟಿಗೆ ತೋಟಕ್ಕೆ ಬಿಟ್ಟರೆ ಆರು ಮಂದಿ ಕೆಲಸ ಮಾಡುತ್ತಾರೆ, ಉಳಿದವರು ತುಳಿಯುತ್ತಾರೆ. ಒಬ್ಬ ದೊಡ್ಡವರಿಗೆ ಹತ್ತು ಹನ್ನೆರಡು ಮಕ್ಕಳು, ಇಪ್ಪತ್ತು ನಿಮಿಷ, ಅಷ್ಟೇ. ಆರಾರು ಮಕ್ಕಳ ಐದು ಗುಂಪು ಮಾಡಿ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಒಂದು ಗುಂಪಿನ ಪಾಳಿ ಹಾಕಿ. ಶನಿವಾರ ಎಲ್ಲರಿಗೂ ನೋಡುವ ದಿನ.

ಬೀಜವನ್ನು ಆಳಕ್ಕೆ ತಳ್ಳುವುದು ಮಕ್ಕಳ ಸಹಜ ಗುಣ. ಬೀಜದ ದಪ್ಪದ ಎರಡು ಮೂರು ಪಟ್ಟು ಆಳ ಸಾಕು, ಬಾಯಲ್ಲಿ ಹೇಳಿದರೆ ನಿಲ್ಲುವುದಿಲ್ಲ. ಪೆನ್ಸಿಲ್ ದಪ್ಪದ ಬಿದಿರು ಕಡ್ಡಿಗೆ ಅರ್ಧ ಇಂಚಿಗೊಂದು, ಒಂದು ಇಂಚಿಗೊಂದು ಬಣ್ಣದ ಗೆರೆ ಹಾಕಿಕೊಡಿ. ಮೆಂತ್ಯ, ಮೂಲಂಗಿ ಮೊದಲ ಗೆರೆಗೆ, ಬೆಂಡೆ, ಅವರೆ ಎರಡನೇ ಗೆರೆಗೆ. ಗೇಣಿನ ಅಳತೆ ಮಕ್ಕಳ ವಿಷಯದಲ್ಲಿ ಕೈಕೊಡುತ್ತದೆ, ಒಬ್ಬೊಬ್ಬರದು ಒಂದೊಂದು ಗೇಣು.

ನೀರಿಗೆ ಝಾರಿ ಭಾರ. ಒಂದು ಲೀಟರಿನ ಹಳೆಯ ಬಾಟಲಿಯ ಮುಚ್ಚಳಕ್ಕೆ ಕಾಯಿಸಿದ ಸೂಜಿಯಲ್ಲಿ ಆರೇಳು ತೂತು ಮಾಡಿಕೊಡಿ. ಸೂಜಿ ಕೆಲಸ ಮೇಷ್ಟ್ರದ್ದೋ ಮಿಸ್ಸಿನದ್ದೋ ಆಗಿರಲಿ. ಮಳೆಯಿಲ್ಲದ ದಿನ ಒಂದು ಮಡಿಗೆ 10–12 ಲೀಟರ್ ಬೇಕು, ಆರು ಮಕ್ಕಳು ಎರಡೆರಡು ಬಾಟಲಿ ಸುರಿದರೆ ಆಯಿತು. ಸುರಿಯುವ ಮೊದಲು ಬೆರಳನ್ನು ಎರಡು ಗಣ್ಣು ಮಣ್ಣಿಗೆ ಇಳಿಸಬೇಕು, ತುದಿ ತಣ್ಣಗೆ ಒದ್ದೆಯಿದ್ದರೆ ಆ ದಿನ ನೀರಿಲ್ಲ. ಈ ನಿಯಮ ಪಾಲಿಸದಿದ್ದರೆ ಪ್ರೀತಿಯಿಂದಲೇ ಗಿಡ ಕೊಲ್ಲುತ್ತಾರೆ: ಎಳೆ ಸಸಿಯ ಬುಡ ನೂಲಿನಂತೆ ಸಣ್ಣಗಾಗಿ ನೆಲಕ್ಕೆ ಒರಗಿದರೆ ಅದು ನೀರು ಹೆಚ್ಚಾಗಿ ಬಂದ ಸಸಿ ಕೊಳೆ. ಶನಿವಾರ ಎರಡು ಪಟ್ಟು ನೀರು ಕೊಟ್ಟು, ಸಸಿಗಳು ಮೂರು ಇಂಚು ದಾಟಿದ್ದರೆ ಬುಡಕ್ಕೆ ಎರಡು ಇಂಚು ತರಗೆಲೆ ಹೊದಿಸಿ ಭಾನುವಾರವನ್ನು ದಾಟಿಸಿ. ತಟ್ಟೆ ತೊಳೆದ ನೀರಿನಲ್ಲಿ ಎಣ್ಣೆ, ಉಪ್ಪು, ಸೋಪು ಇರುವುದರಿಂದ ಅದು ಬಾಳೆಗುಂಡಿಗೆ ಹೋಗಲಿ, ಸೊಪ್ಪಿಗೆ ಬೇಡ. ರಾಜಕಾಲುವೆಯ, ಕೆರೆಯ ನೀರನ್ನಂತೂ ಮುಟ್ಟಬೇಡಿ.

ಆರು ಕುರ್ಪಿ ಮತ್ತು ಎರಡು ಸಣ್ಣ ಕೈಗುದ್ದಲಿ ಸಾಕು, ಕುಡುಗೋಲು ಬೇಡ. ಚಪ್ಪಲಿ ಕಡ್ಡಾಯ, ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು ಕಡ್ಡಾಯ. ಧನುರ್ವಾಯು ತಡೆಯುವ, 5–6ನೇ ವಯಸ್ಸಿನ ಡಿಪಿಟಿ, ಹತ್ತರ ಟಿಡಿ ಚುಚ್ಚುಮದ್ದು ಆಗಿದೆಯೇ ಎಂದು ಪೋಷಕರ ಸಭೆಯಲ್ಲಿ ಕೇಳಿ. ಕಾಂಗ್ರೆಸ್ ಹುಲ್ಲನ್ನು ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು ದೊಡ್ಡವರೇ ಕೀಳಬೇಕು, ಅದರಿಂದ ತುರಿಕೆ, ಉಬ್ಬಸ ಬರುತ್ತದೆ. ಆವರಣದಲ್ಲಿ ಕಣಗಿಲೆ, ಉಮ್ಮತ್ತಿ, ಹರಳು, ಗುಲಗಂಜಿ ಇದ್ದರೆ ತೆಗೆಸಿ.

ಹುಳ ಬಂದಾಗ

ನವೆಂಬರಿನಲ್ಲಿ ಅವರೆಯ ಎಳೆ ಕುಡಿ, ಹೂಗೊಂಚಲಿಗೆ ಕಪ್ಪು ಗಿಡಹೇನು ಮುತ್ತುವುದು ಖಚಿತ. ಔಷಧ ತರುವ ಮೊದಲು ಮಕ್ಕಳ ಕೈಗೆ ಭೂತಗನ್ನಡಿ ಕೊಡಿ. ಹೇನುಗಳ ನಡುವೆ ಇರುವೆಗಳು ಓಡಾಡುತ್ತಿರುತ್ತವೆ. ಹೇನು ಬಿಡುವ ಸಿಹಿ ಅಂಟಿಗಾಗಿ ಬಂದು ಅವು ಹೇನನ್ನು ಕಾಯುತ್ತವೆ. ಅಲ್ಲೇ ಕಿತ್ತಳೆ ಚುಕ್ಕಿಯ, ಮೊಸಳೆ ಆಕಾರದ ಅರ್ಧ ಇಂಚಿಗೂ ಚಿಕ್ಕ ಮರಿ ಕಂಡರೆ ಅದು ಗುಲಗಂಜಿ ಹುಳುವಿನ (ಲೇಡಿಬರ್ಡ್) ಮರಿ, ಹೇನನ್ನೇ ತಿಂದು ಬದುಕುವಂಥದ್ದು. ನೋಡಲು ವಿಕಾರವಾಗಿರುವುದರಿಂದ ಮಕ್ಕಳು ಮೊದಲು ಅದನ್ನೇ ಹೊಸಕುತ್ತಾರೆ, ಮುಂಚೆಯೇ ಪರಿಚಯ ಮಾಡಿಸಿ. ಅದು ಇರುವ ಕುಡಿಯನ್ನು ಹಾಗೇ ಬಿಡಿ. ಉಳಿದ ಕಡೆ ನೀರು ಜೋರಾಗಿ ಚಿಮ್ಮಿಸಿದರೆ ಅರ್ಧ ಹೇನು ಉದುರುತ್ತದೆ. ಆಗಲೂ ಹೋಗದಿದ್ದರೆ 5 ಮಿಲಿ ಬೇವಿನ ಎಣ್ಣೆಯನ್ನು ಮೊದಲು 2 ಮಿಲಿ ಸೋಪಿನ ದ್ರಾವಣಕ್ಕೆ ಬೆರೆಸಿ, ಆಮೇಲೆ ಒಂದು ಲೀಟರ್ ನೀರಿಗೆ ಸೇರಿಸಿ ಸಂಜೆ ಸಿಂಪಡಿಸಿ. ಎಣ್ಣೆಯನ್ನು ನೇರ ನೀರಿಗೆ ಹಾಕಿದರೆ ಅದು ಮೇಲೆ ತೇಲಿ, ಕೊನೆಯಲ್ಲಿ ಸಿಂಪಡಿಸಿದ ಗಿಡದ ಎಲೆ ಸುಡುತ್ತದೆ. ಸೊಪ್ಪಿನ ಮಡಿಗೆ ಏನೂ ಸಿಂಪಡಿಸಬೇಡಿ. ತಿಂಗಳೊಳಗೆ ಕೊಯ್ಯುವ ಬೆಳೆಗೆ ನಾಲ್ಕು ತೂತು ಬಿದ್ದರೆ ನಷ್ಟವಿಲ್ಲ.

ಮಳೆಗಾಲದ ದೊಡ್ಡ ಪೀಡೆ ಆಫ್ರಿಕಾದ ದೈತ್ಯ ಶಂಖದ ಹುಳು. ಒಂದೇ ರಾತ್ರಿಯಲ್ಲಿ ಒಂದು ಮಡಿ ಮೊಳಕೆ ಖಾಲಿ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಅಥವಾ ಕೋಸಿನ ಎಲೆ ಇಟ್ಟರೆ ಬೆಳಿಗ್ಗೆ ಅಲ್ಲಿ ಸೇರಿರುತ್ತವೆ. ಕೈಗವಸು ಹಾಕಿದ ದೊಡ್ಡವರು ಆರಿಸಿ ಗಾಢ ಉಪ್ಪು ನೀರಿಗೆ ಹಾಕಬೇಕು. ಈ ಹುಳು ಮಿದುಳಿಗೆ ತೊಂದರೆ ಕೊಡುವ ಪರಾವಲಂಬಿ ಜಂತುವನ್ನು ಹೊತ್ತಿರಬಹುದು. ಮಕ್ಕಳು ಬರಿಗೈಲಿ ಮುಟ್ಟಕೂಡದು, ಅದರ ಲೋಳೆ ಹರಿದ ಸೊಪ್ಪನ್ನು ಹಸಿಯಾಗಿ ತಿನ್ನಕೂಡದು.

ಕೊಯ್ಲು, ಬೇಸಿಗೆ ರಜೆ, ಬೀಜ

ಬಿಸಿಯೂಟಕ್ಕೆ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, 6ರಿಂದ 8ನೇ ತರಗತಿಗೆ 75 ಗ್ರಾಂ ಎಂಬ ಲೆಕ್ಕವಿದೆ. ನೂರು ಚಿಕ್ಕ ಮಕ್ಕಳಿಗೆ 5 ಕೆಜಿ. ಒಂದು ಮಡಿ ದಂಟು ಒಂದು ಕೊಯ್ಲಿಗೆ ಎರಡು ಎರಡೂವರೆ ಕೆಜಿ ಕೊಡುತ್ತದೆ. ಹಾಗಾಗಿ ಮೂರು ಮಡಿಯಿಂದ ದಿನವೂ ಶಾಲೆಯ ಹೊಟ್ಟೆ ತುಂಬುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಬೇಳೆಯ ಜೊತೆ ಒಂದು ಮಸ್ಸೊಪ್ಪು, ಆಗಾಗ ಮೂಲಂಗಿ ಕೋಸಂಬರಿ, ಇಷ್ಟನ್ನು ಎದುರುನೋಡಿ. ಕೊಯ್ಲಿನ ಹಿಂದಿನ ದಿನವೇ ಅಡುಗೆಯವರಿಗೆ ತಿಳಿಸಿ, ಸೊಪ್ಪು ಬಿಡಿಸುವುದು ಅವರಿಗೆ ಹೆಚ್ಚುವರಿ ಕೆಲಸ. ಬೆಳಿಗ್ಗೆ ಹತ್ತರೊಳಗೆ ಕೊಯ್ದು, ಬೇರು ಕತ್ತರಿಸಿ, ಮೂರು ನೀರಿನಲ್ಲಿ ತೊಳೆದು ಕೊಡಿ. ತೂಕ ಹಾಕಿ ಬರೆದಿಡುವುದು ನಾಲ್ಕನೇ ಕ್ಲಾಸಿನವರ ಕೆಲಸವಾಗಲಿ.

ಏಪ್ರಿಲ್ ರಜೆಗೆ ಮುಂಚೆ, ಮಾರ್ಚ್ ಮೂರನೇ ವಾರದೊಳಗೆ ಮಡಿ ಖಾಲಿ ಮಾಡಿ. ಗಿಡಗಳನ್ನು ಕೀಳದೆ ನೆಲಮಟ್ಟಕ್ಕೆ ಕತ್ತರಿಸಿ, ಬೇರು ಒಳಗೇ ಕಳಿಯಲಿ. ಚೆನ್ನಾಗಿ ನೀರು ಕುಡಿಸಿ, ಆರು ಇಂಚು ತರಗೆಲೆ ಹೊದಿಸಿ, ಗಾಳಿಗೆ ಹಾರದಂತೆ ಮೇಲೆ ನಾಲ್ಕು ತೆಂಗಿನ ಗರಿ ಇಡಿ. ಮೇ ತಿಂಗಳ ಗುಡುಗು ಮಳೆಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ನುಗ್ಗೆ, ಕರಿಬೇವು, ಚಕ್ರಮುನಿ, ದೊಡ್ಡಪತ್ರೆಗಳನ್ನು ಬೇಲಿಯುದ್ದಕ್ಕೂ ನೆಟ್ಟಿದ್ದರೆ ವಾರಕ್ಕೆರಡು ಸಲ ನೀರು ಸಾಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರಲ್ಲಿ ಹತ್ತಿರ ಇರುವ ಒಬ್ಬರಿಗೆ ಈ ಕೆಲಸ ಒಪ್ಪಿಸಿ, ರಜೆಯ ನುಗ್ಗೆ ಸೊಪ್ಪೆಲ್ಲ ಅವರಿಗೇ ಎಂದು ಬಿಡಿ.

ಬೀಜಕ್ಕೆಂದು ಅವರೆಯ ಒಂದು ಬಳ್ಳಿಯನ್ನೂ ಬೆಂಡೆಯ ಎರಡು ಗಿಡಗಳನ್ನೂ ಕೊಯ್ಯದೆ ಬಿಡಬೇಕು, ಮೊದಲೇ ಕೆಂಪು ದಾರ ಕಟ್ಟಿ ಗುರುತು ಮಾಡಿ. ಹೈಬ್ರಿಡ್ ಬೀಜದಿಂದ ಬೆಳೆದದ್ದಾದರೆ ಬೀಜ ಇಡುವುದು ವ್ಯರ್ಥ, ಮರುವರ್ಷ ಅದೇ ಗುಣ ಬರುವುದಿಲ್ಲ. ಕಾಯಿ ಗಿಡದಲ್ಲೇ ಒಣಗಿ ಅಲ್ಲಾಡಿಸಿದಾಗ ಸದ್ದು ಮಾಡಬೇಕು. ಬಿಡಿಸಿದ ಕಾಳನ್ನು ನೆರಳಲ್ಲಿ ವಾರ ಒಣಗಿಸಿ, ಜರಡಿ ಹಿಡಿದ ಒಲೆಬೂದಿ ಬೆರೆಸಿ, ಗಾಜಿನ ಶೀಶೆಗೆ ತುಂಬಿ, ತಳಿ ಮತ್ತು ತಿಂಗಳು ಬರೆದ ಚೀಟಿ ಅಂಟಿಸಿ. ಜೂನಿನಲ್ಲಿ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಐದು ದಿನ ನೋಡಿ. ಏಳಕ್ಕಿಂತ ಹೆಚ್ಚು ಮೊಳೆತರೆ ಗುಣಿಗೆ ಎರಡು ಕಾಳು, ನಾಲ್ಕರಿಂದ ಏಳು ಮೊಳೆತರೆ ಗುಣಿಗೆ ನಾಲ್ಕು, ಅದಕ್ಕೂ ಕಡಿಮೆಯಾದರೆ ಹೊಸ ಬೀಜ ತನ್ನಿ.